ಚೆಂಬೂರಿನ ಗೋಪಿಯ ಪಾರ್ಸೆಲ್

ಮನುಷ್ಯನ ಭಾರವನ್ನು ದೇವರು ತೂಗುತ್ತಾನೆ. ಅವನ ಪೆಟ್ಟಿಗೆಯ ಭಾರವನ್ನು ವಿಮಾನದವರು ತೂಗುತ್ತಾರೆ. ದೇವರ ತಕ್ಕಡಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆಂದು ಹಿರಿಯರು ಹೇಳಿ ಕೇಳಿದ್ದೇನೆ. ವಿಮಾನದವರದ್ದು ಮೂವತ್ತು ಕಿಲೋ ಎಂದರೆ ಮೂವತ್ತೇ. ಈ ವ್ಯತ್ಯಾಸ ನನಗೆ ತಿಳಿಯುವಷ್ಟರಲ್ಲಿ ಗುಲ್ವಾಡಿಯ ನಮ್ಮ ಮನೆಯ ಜಗಲಿಯಲ್ಲಿ ಹದಿನಾಲ್ಕು ಪೊಟ್ಟಣಗಳು ಸಾಲಾಗಿ ಕೂತಿದ್ದವು.

ಹೊರಟವಳು ನನ್ನ ಮೊಮ್ಮಗಳು ಪ್ರಣೀತಾ, ನನ್ನ ಮಗಳು ದಿವ್ಯಾಳ ಒಬ್ಬಳೇ ಮಗಳು. ಐರ್ಲೆಂಡಿನ ಡಬ್ಲಿನ್ ಎಂಬ ಪಟ್ಟಣದಲ್ಲಿ ಎರಡು ವರ್ಷ ಆಹಾರ ವಿಜ್ಞಾನ ಓದುವುದಕ್ಕೆ ಅವಳಿಗೆ ಸೀಟು ಸಿಕ್ಕಿತ್ತು. ಚೌತಿ ಕಳೆದ ಶುಕ್ರವಾರ ಮಂಗಳೂರಿನಿಂದ ವಿಮಾನ. ಅನ್ನದ ಗುಣದೋಷಗಳನ್ನು ಕಲಿಯಲು ಅಷ್ಟು ದೂರ ಹೋಗುವ ಹುಡುಗಿ ಅಡಿಗೆಮನೆಯ ಒಂದು ವಸ್ತುವನ್ನೂ ತನ್ನ ಪೆಟ್ಟಿಗೆಯೊಳಗೆ ಬಿಡುವುದಿಲ್ಲವೆಂದು ಹಟ ಹಿಡಿದಿದ್ದಳು. ಹಪ್ಪಳ ಎಂದರೆ "ಬ್ಯಾಡ ಅಜ್ಜ." ಉಪ್ಪಿನಕಾಯಿ ಎಂದರೆ "ಬ್ಯಾಡ ಅಜ್ಜ." ಸಾರಿನ ಪುಡಿ ಎಂದರೆ "ಅಲ್ಲ್ ಎಲ್ಲಾ ಸಿಕ್ಕತ್ತ್ ಅಜ್ಜ."

ನನ್ನ ಸಂಕಟ ಅವಳಿಗೆ ಗೊತ್ತಿರಲಿಲ್ಲ. ಹೋದ ವರ್ಷ ನನ್ನ ಹೆಂಡತಿ ಕುಸುಮಾವತಿ ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದಳು: "ಹೆಣ್ಣ್ ಓದುಕ್ ಹೋಪತಿಗೆ ಪೆಟ್ಟಿ ನೀವೇ ಕಟ್ಟಿ. ಬರಿ ಪೆಟ್ಟಿ ಕಳ್ಸುಕಾಗ." ಬಟ್ಟೆ, ಪುಸ್ತಕ, ಚಳಿಯ ಕೋಟು ತುಂಬಿದ್ದರೂ ಮನೆಯದ್ದೇನೂ ಇಲ್ಲದ ಪೆಟ್ಟಿಗೆ ಅವಳ ಲೆಕ್ಕದಲ್ಲಿ ಬರಿ ಪೆಟ್ಟಿಗೆಯೇ. ನಾನು ಹೂಂ ಎಂದಿದ್ದೆ. ಅದರ ಮರುದಿನ ಅವಳು ಹೋದಳು. ಕೊಲ್ಲೂರಿನ ಅಮ್ಮನ ಎದುರಿಗೂ ಆ ಮಾತನ್ನು ಒಪ್ಪಿಸಿ ಬಂದಿದ್ದೆ.

ಆದರೆ ಹುಟ್ಟಿದಾರಭ್ಯ ನಾನು ಒಂದು ಪೆಟ್ಟಿಗೆಯನ್ನೂ ಕಟ್ಟಿದವನಲ್ಲ. ಮೂವತ್ತೊಂದು ವರ್ಷ ಬೊಂಬಾಯಿಯ ದಾದರಿನ ಹೋಟೆಲೊಂದರಲ್ಲಿ ದುಡಿದೆ. ಪ್ರತಿ ವರ್ಷ ರಜೆ ಮುಗಿಸಿ ಹೊರಡುವಾಗ ನನ್ನ ಕಬ್ಬಿಣದ ಟ್ರಂಕನ್ನು ತುಂಬಿ ತೆಂಗಿನ ನಾರಿನ ಹಗ್ಗ ಬಿಗಿಯುತ್ತಿದ್ದವಳು ಕುಸುಮಾವತಿ. ಆ ಕಾಲದಲ್ಲಿ ಊರಿನಿಂದ ಒಬ್ಬ ಬೊಂಬಾಯಿಗೆ ಹೊರಟನೆಂದರೆ ಇಡೀ ಊರೇ ಅವನ ಹಿಂದೆ ಪೊಟ್ಟಣಗಳ ರೂಪದಲ್ಲಿ ಹೊರಡುತ್ತಿತ್ತು. ಒಬ್ಬನ ಮಗನಿಗೆ ಹಪ್ಪಳ, ಮತ್ತೊಬ್ಬಳ ತಮ್ಮನಿಗೆ ಒಣಮೀನು. ಪನ್ವೇಲಿನಲ್ಲಿ ಬಸ್ಸು ಚಹಾಕ್ಕೆ ನಿಂತರೆ ಕಿಟಕಿಯ ಹೊರಗೆ ನಾಲ್ಕು ಜನ ನನ್ನ ಹೆಸರು ಕೂಗುತ್ತಿದ್ದರು. ತನಗಾಗಿ ಏನೂ ಬೇಡವೆನ್ನಬಹುದು. ಊರವರ ಪಾರ್ಸೆಲು ಬೇಡವೆನ್ನುವ ಹಾಗಿಲ್ಲ. ಅದು ನಮ್ಮ ಕಡೆಯ ಕಟ್ಟಳೆ. ನಾನಂತೂ ನನಗೆಂದು ಏನನ್ನೂ ಒಯ್ಯುತ್ತಿರಲಿಲ್ಲ. "ಹೋಟ್ಲಗೆ ಎಲ್ಲಾ ಇತ್ತ್, ನಂಗೆಂತಕ್ಕೆ?" ಎನ್ನುತ್ತಿದ್ದೆ.

ಆ ಪಾರ್ಸೆಲುಗಳಲ್ಲಿ ನನ್ನ ಆತ್ಮಕ್ಕೆ ಕಳಂಕ ತಂದದ್ದು ಒಂದೇ. ಅದು ಬೊಂಬಾಯಿಯ ಚೆಂಬೂರಿನ ಗೋಪಿಯದ್ದು. ಪ್ರತಿ ವರ್ಷವೂ ಟ್ರಂಕಿನ ಮೂಲೆಯಲ್ಲಿ ಅವನ ಹೆಸರಿನ ಒಂದು ಡಬ್ಬಿ ಎಳ್ಳುಂಡೆ ಇರುತ್ತಿತ್ತು. "ನನ್ ದೊಡ್ಡಮ್ಮನ ಕಡಿಯವ, ನಿಮ್ಗ್ ಗೊತ್ತಾಪ್ದಿಲ್ಲ. ಅಂವ್ನೇ ಬಂದ್ ತಕಂತ. ಎಂಟ್ ದಿನ ಕಾಣಿ. ಬಾರದಿದ್ರೆ ಹಾಳ್ ಮಾಡ್ಬೇಡಿ" ಎನ್ನುತ್ತಿದ್ದಳು ಕುಸುಮಾವತಿ. ಗೋಪಿ ಒಂದು ವರ್ಷವೂ ಬರಲಿಲ್ಲ. ನಾನೊಮ್ಮೆ ರಜೆಯ ದಿನ ಚೆಂಬೂರಿಗೇ ಹೋಗಿ ಮೂವರು ಗೋಪಿಗಳನ್ನು ಪತ್ತೆಹಚ್ಚಿದೆ. ಒಬ್ಬ ಹಾಲಿನವನು, ಬಾಗಿಲು ತೆರೆಯಲಿಲ್ಲ. ಒಬ್ಬ ಪೊಲೀಸಿನವನು, ನಾನೇ ಓಡಿ ಬಂದೆ. ಮೂರನೆಯವನು ಎಳ್ಳುಂಡೆ ಎಂದೊಡನೆ ಎರಡೂ ಕೈ ಚಾಚಿದ. ಆದರೆ ಊರು ಕೇಳಿದರೆ ಪಾಲಕ್ಕಾಡು ಎಂದ. ಕೊನೆಗೆ ಎಂಟು ದಿನ ಕಾದು, ಒಂಬತ್ತನೆಯ ದಿನ, ಹಾಳಾಗಬಾರದೆಂಬ ಒಂದೇ ಕಾರಣಕ್ಕೆ, ನಾನು ಡಬ್ಬಿ ತೆರೆಯುತ್ತಿದ್ದೆ.

ಪರರ ವಸ್ತು ತಿಂದವನಿಗೆ ಪ್ರಾಯಶ್ಚಿತ್ತ ಬೇಡವೆ? ಊರಿಗೆ ಬಂದಾಗಲೆಲ್ಲ ಕೊಲ್ಲೂರಿಗೆ ಹೋಗಿ ಗೋಪಿಯ ಪಾಪಕ್ಕೆಂದು ಹನ್ನೊಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಕುಸುಮಾವತಿಯೂ ಸೆರಗಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ಹನ್ನೊಂದೂ ಸುತ್ತು ಬರುತ್ತಿದ್ದಳು. ಎಂಥ ಭಕ್ತಿ ಎಂದುಕೊಳ್ಳುತ್ತಿದ್ದೆ.

ಇರಲಿ, ಈಗಿನ ಕಥೆಗೆ ಬರುತ್ತೇನೆ. ಪೆಟ್ಟಿಗೆ ಕಟ್ಟುವವನಿಗೆ ಮೊದಲು ಬೇಕಾದದ್ದು ಹಗ್ಗವೆಂದು ನಾನು ಕುಂದಾಪುರಕ್ಕೆ ಹೋಗಿ ಹನ್ನೆರಡು ಮೊಳ ನಾರಿನ ಹಗ್ಗ ತಂದೆ. ಬಸ್ಸಿನಲ್ಲಿ ನಮ್ಮ ನೆರೆಯ ಗೋವರ್ಧನ ಮಾಷ್ಟ್ರು ಸಿಕ್ಕಿದರು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವರು; ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವಂತೆ ಮಾತನಾಡುವುದು ಅವರಿಗೆ ರೂಢಿ.

"ರಾಜೀವಣ್ಣ, ಹಗ್ಗ ಎಂತಕ್ಕೆ? ಎಮ್ಮಿ ತಕಂಡ್ರ್ಯಾ?"

"ಪ್ರಣೀತನ ಪೆಟ್ಟಿ ಕಟ್ಟುಕೆ."

"ಅಯ್ಯಯ್ಯೋ! ಈಗಿನ ಪೆಟ್ಟಿಗೆ ನಂಬ್ರದ ಬೀಗ ಇತ್ತ್ ಮಾರಾಯ್ರೆ. ಹಗ್ಗ ಕಟ್ಟಿರೆ ವಿಮಾನದವ್ರ್ ಹೆಣ್ಣನ್ನೂ ಸೇರ್ಸಿ ಕೆಳ್ಗ್ ಇಳ್ಸುವ್ರ್!"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಸೀಟಿ ಊದುವುದನ್ನು ಮರೆತು ನಕ್ಕ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕಂಬಿ ಹಿಡಿದು ಹೇಳಿದೆ: "ಪೆಟ್ಟಿ ಕಟ್ಟುದ್ ಹೇಂಗ್ ಅಂತ ನಂಗೆ ಕಲ್ಸ್‌ಬೇಡಿ. ಮೂವತ್ತೊಂದ್ ವರ್ಷ ಈ ಊರಿನ್ ಪಾರ್ಸೆಲ್ ಹೊತ್ತವ ನಾನ್. ಈಗ್ಳೂ ಹೇಳ್ತೆ, ಯಾರಿಗಾರೂ ಎಂತಾರೂ ಕಳ್ಸುದಿದ್ರೆ ಕಳ್ಸಿ. ಮೂವತ್ತ್ ಕಿಲೋ ಜಾಗ ಇತ್ತ್!"

ಆ ಮೂವತ್ತು ಕಿಲೋದಲ್ಲಿ ಇಪ್ಪತ್ತೊಂಬತ್ತು ಆಗಲೇ ತುಂಬಿತ್ತೆಂಬುದು ಭಾಷಣದ ಭರದಲ್ಲಿ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹೊರಗೆ ಬರುವಾಗ ಅಂಗಳದಲ್ಲಿ ಪದ್ದಕ್ಕನ ಧ್ವನಿ. ಪದ್ದಕ್ಕ ನಮ್ಮ ಬೇಲಿಯ ಆಚೆ ಮನೆಯವಳು; ಅವಳ ಮಗ ಮಿಥುನ್ ದುಬಾಯಿಯಲ್ಲಿ ಕೆಲಸಕ್ಕಿದ್ದಾನೆ.

"ಹ್ವಾಯ್ ರಾಜೀವಣ್ಣ! ವಿಮಾನ ದುಬಾಯಗೆ ನಿಲ್ಲತ್ತ್ ಅಂಬ್ರಲೆ, ಹೌದಾ?"

"ಮೂರ್ ಗಂಟಿ ನಿಲ್ಲತ್ತ್."

"ಹಂಗಾರೆ ಬೇಕಾದಷ್ಟಾಯ್ತ್. ಮಿಥುನ್ ಅಲ್ಲೇ ಬಂದ್ ನಿಲ್ತ. ಹೆಣ್ಣ್ ಕೆಳ್ಗ್ ಇಳಿಯುದೂ ಬ್ಯಾಡ, ಕಿಟ್ಕಿಯಗೆ ಕೊಟ್ರೆ ಸಾಕ್."

ಲೋಕ ಕಂಡವನಾದ ನಾನು ಗಂಭೀರವಾಗಿ ಹೇಳಿದೆ: "ವಿಮಾನದ್ ಕಿಟ್ಕಿ ತೆಗಿಯುಕಾತಿಲ್ಲೆ ಪದ್ದಕ್ಕ."

"ಏಸಿ ಬಸ್ಸಿಂದೂ ತೆಗಿಯುಕಾತಿಲ್ಲೆ. ಬಾಗ್ಲಗೆ ಕೊಡ್ಲಿ!" ಎಂದು ನಾಲ್ಕು ಕಿಲೋದ ಚೀಲವನ್ನು ಜಗಲಿಯಲ್ಲಿಟ್ಟು ಹೋದಳು.

ಮಧ್ಯಾಹ್ನ ಗೋವರ್ಧನ ಮಾಷ್ಟ್ರೇ ಬಂದರು. ಬಸ್ಸಿನಲ್ಲಿ ನಕ್ಕವರು ಈಗ ಕುಚ್ಚಲಕ್ಕಿಯ ಗಂಟು ಹಿಡಿದಿದ್ದರು. ಅವರ ಮಗ ನಿತೇಶ್ ಇರುವುದು ಕೆನಡಾದಲ್ಲಿ.

"ಕೆನಡಾ ಬೇರೆ, ಐರ್ಲೆಂಡ್ ಬೇರೆ ಅಲ್ದಾ ಮಾಷ್ಟ್ರೆ?"

ಮಾಷ್ಟ್ರು ಕನ್ನಡಕ ಸರಿಮಾಡಿ, ಬೆರಳಿನಿಂದ ಗಾಳಿಯಲ್ಲಿ ಭೂಪಟ ಬರೆದರು. "ಎಂತ ಬೇರೆ? ಐರ್ಲೆಂಡಿನ ಪಡುವಣ ಬಾಗಿಲ್ ತೆಗ್ದ್ರೆ ಕಡಲ್. ಕಡಲ್ ಮುಗ್ದ್ರೆ ಕೆನಡಾ. ನಡುವಗೆ ಒಂದ್ ಮನಿ ಇಲ್ಲೆ. ಇದಕ್ಕ್ ನೆರೆಕರೆ ಅಂಬುದಲ್ದಾ?"

ಭೂಗೋಳ ಕಲಿಸಿದವರ ಎದುರು ವಾದ ಮಾಡುವುದುಂಟೆ? ಅಕ್ಕಿಯ ಗಂಟು ಚೀಲದ ಪಕ್ಕ ಕೂತಿತು.

ಸಂಜೆಗೆ ಗಂಗೊಳ್ಳಿಯಿಂದ ಮೀನು ತರುವ ಸುಗುಣ ಬಂದಳು. ಕುಸುಮಾವತಿಗೆ ಬಲು ಬೇಕಾದವಳು. ನಲವತ್ತು ವರ್ಷದಿಂದ ನಮ್ಮ ಹಿತ್ತಿಲ ಬಾಗಿಲಲ್ಲಿ ಬುಟ್ಟಿ ಇಳಿಸಿದವಳು. ಅವಳ ಅಕ್ಕನ ಮಗ ಉಲ್ಲಾಸ್ ಹಡಗಿನಲ್ಲಿ ಕೆಲಸ ಮಾಡುವವನು.

"ರಾಜೀವಣ್ಣ, ಹೆಣ್ಣ್ ಹೋಪಲ್ಲಿ ಕಡಲ್ ಇತ್ತಾ?"

"ಸುತ್ತ ಕಡಲೇ."

"ಹಂಗಾರೆ ಉಲ್ಲಾಸ್ ಒಂದಲ್ಲ ಒಂದ್ ದಿನ ಬತ್ತ" ಎಂದು ಒಣ ಚಟ್ಲಿಯ, ಅಂದರೆ ಒಣಸಿಗಡಿಯ, ಪೊಟ್ಟಣವನ್ನು ನನ್ನ ಕೈಗಿತ್ತಳು.

ಹೀಗೆ ಎರಡು ದಿನಗಳಲ್ಲಿ ಹದಿನಾಲ್ಕು ಪೊಟ್ಟಣಗಳಾದವು. ಎಷ್ಟು ಭಾರವೆಂದು ನೋಡಲು ಸುಗುಣಳ ಮೀನಿನ ತೂಕದ ಕೊಕ್ಕೆಯನ್ನು ಜಗಲಿಯ ಜಂತಿಗೆ ನೇತುಹಾಕಿದೆ. ಮೂವತ್ತೆಂಟು ಕಿಲೋ. ಇದಕ್ಕೆ ಸಾಕ್ಷಿಯಾಗಿ ಕೆಳಗೆ ಮೂರು ಬೆಕ್ಕುಗಳಿದ್ದವು. ಸರಿಯಾಗಿ ಆಗಲೇ ಪ್ರಣೀತಾ ಅಂಗಳಕ್ಕೆ ಕಾಲಿಟ್ಟಳು.

ಅವಳು ಪೊಟ್ಟಣಗಳನ್ನು ನೋಡಿದಳು, ಕೊಕ್ಕೆಯನ್ನು ನೋಡಿದಳು, ಬೆಕ್ಕುಗಳನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಅಜ್ಜ, ಇದ್ ಬೊಂಬಾಯಿ ಬಸ್ಸ್ ಅಲ್ಲ."

"ಊರವ್ರ್ ಕೊಟ್ಟದ್ದ್ ಮಗಾ, ಇಲ್ಲೆ ಅಂಬುಕಾಗ."

"ಊರವ್ರಿಗೆ ಜಾಗ ಇತ್ತ್ ಅಂದ್ ಹೇಳದ್ ಯಾರ್?"

ಬಸ್ಸಿನಲ್ಲಿ ಐವತ್ತೈದು ಜನರೆದುರು ಹೇಳಿದವನು ನಾನೇ ಎನ್ನುವ ಧೈರ್ಯ ನನಗಿರಲಿಲ್ಲ. ಒಳಗಿನಿಂದ ಬಂದ ದಿವ್ಯಾ ಬಾಗಿಲಿಗೆ ಒರಗಿ, "ಅಪ್ಪಯ್ಯ, ಅಮ್ಮ ಇದ್ದಿದ್ರೆ ಇದನ್ನೆಲ್ಲಾ ಹೇಂಗೋ ಒಂದ್ ದಾರಿಗ್ ತಕಂಡ್ ಬತ್ತಿದ್ಲ್" ಎಂದಳು.

"ನಾಳಿ ಸಂಜಿ ಒಳ್ಗೆ ಎಲ್ಲಾ ವಾಪಾಸ್ ಹೋಯ್ಕ್ ಅಜ್ಜ" ಎಂದಳು ಪ್ರಣೀತಾ, ಈ ಸಲ ಮೆತ್ತಗೆ.

"ಮನಿದ್ ಎಂತಾರೂ ಒಂದ್?"

"ಅಲ್ಲ್ ಎಲ್ಲಾ ಸಿಕ್ಕತ್ತ್."

ನಾನು ಯಾರನ್ನು ಬೈಯಲಿ? ಆ ವಾಕ್ಯ ನನ್ನದೇ. ಮೂವತ್ತೊಂದು ವರ್ಷ ನಾನೇ ಹೇಳಿ ಹೇಳಿ ಮನೆಯಲ್ಲಿ ಬಿಟ್ಟುಹೋದದ್ದು, ಈಗ ಅವಳ ಬಾಯಲ್ಲಿತ್ತು.

ಮರುದಿನ ಪೊಟ್ಟಣಗಳನ್ನು ಹಿಂತಿರುಗಿಸಲು ಹೊರಟೆ. ಹೆಣ ಹೊರುವುದು ಸುಲಭ. ಕೊಟ್ಟ ಪಾರ್ಸೆಲನ್ನು ಹಿಂದಕ್ಕೆ ಹೊರುವುದು ಕಷ್ಟ. ಮೊದಲು ಮಾಷ್ಟ್ರ ಮನೆ. ಅಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾಷ್ಟ್ರು ಗಂಟನ್ನು ನೋಡಿದರು. ಅವರ ಹೆಂಡತಿಯೂ ನೋಡಿದರು. ಇಬ್ಬರ ಮುಖದಲ್ಲೂ ಏನನ್ನೋ ಎದುರು ನೋಡುವ ನಗು. ನಾನು ಗಂಟಲು ಸರಿಪಡಿಸಿಕೊಂಡೆ. ಅವರು ಮುಂದೆ ಬಾಗಿದರು.

"ಈ ಸಲ ಮಳಿ ಜೋರ್" ಎಂದೆ.

"ಹೌದ್, ಜೋರ್" ಎಂದರು ಮಾಷ್ಟ್ರು.

ಚಹಾ ಬಂತು. ಚಹಾ ಮುಗಿಯಿತು. ನನಗೆ ಬಾಯಿ ಬರಲಿಲ್ಲ; ಅವರು ಕಾಯುವುದನ್ನು ಬಿಡಲಿಲ್ಲ. ಕಡೆಗೆ ಮಾಷ್ಟ್ರ ಹೆಂಡತಿ, ಏನೋ ಕಡಿಮೆಯಾಯಿತೆಂದು ಭಾವಿಸಿದವರಂತೆ ಎದ್ದು ಒಳಗೆ ಹೋಗಿ ಒಂದು ಬಾಟಲಿ ತೆಂಗಿನೆಣ್ಣೆ ತಂದು ಗಂಟಿನ ಮೇಲಿಟ್ಟರು. ಪದ್ದಕ್ಕನ ಮನೆಯಲ್ಲೂ ಹೀಗೆಯೇ ಆಯಿತು. ಅವಳು ಚೀಲವನ್ನೂ ನನ್ನನ್ನೂ ಹತ್ತು ನಿಮಿಷ ನೋಡಿ, ಹಲಸಿನ ಹಪ್ಪಳದ ಕಟ್ಟೊಂದನ್ನು ಸೇರಿಸಿದಳು. ಹದಿನಾಲ್ಕು ಪೊಟ್ಟಣ ಹಿಂತಿರುಗಿಸಲು ಹೋದ ನಾನು ಕತ್ತಲಾಗುವ ಮೊದಲು ಹತ್ತೊಂಬತ್ತರೊಂದಿಗೆ ಮನೆ ಸೇರಿದೆ. ಪ್ರಣೀತಾಳ ಕಣ್ಣಿಗೆ ಬೀಳದಂತೆ ಹಟ್ಟಿಯ ಬದಿಯಿಂದ ಬಂದು ಎಲ್ಲವನ್ನೂ ಕಟ್ಟಿಗೆ ಕೊಟ್ಟಿಗೆಯಲ್ಲಿ ಅಡಗಿಸಿದೆ. ಬೆಕ್ಕುಗಳು ಮಾತ್ರ ನನ್ನನ್ನು ಬಿಟ್ಟುಕೊಡಲು ತಯಾರಾಗಿ ಬಾಗಿಲಲ್ಲೇ ಕೂತವು.

ಗುರುವಾರ ಬೆಳಿಗ್ಗೆ ಸುಗುಣ ಬುಟ್ಟಿ ಹೊತ್ತು ಹಿತ್ತಿಲಿಗೆ ಬಂದವಳು ಬೆಕ್ಕುಗಳನ್ನು ಕಂಡು ಕೊಟ್ಟಿಗೆಗೆ ಇಣುಕಿದಳು.

"ಎಂತ ರಾಜೀವಣ್ಣ ಇದ್? ನಿನ್ನೆ ಊರಿಡೀ ಸುತ್ತಿರೂ ಒಬ್ರಿಗೂ ಅರ್ಧ ವಾಪಾಸ್ ಕೊಡ್ಲಿಲ್ಲೆ ಅಂಬ್ರಲೆ. ಎಲ್ಲರೂ ಕಾದ್ ಕಾದ್ ಸೋತ್ರ್!"

"ಎಂತ ಅರ್ಧ?"

"ಕುಸುಮಕ್ಕ ಕೊಡ್ತಿದ್ ಅರ್ಧ! ನೀವ್ ಬೊಂಬಾಯಿಗ್ ಹೋಪು ಮುಂಚಿನ ದಿನ ಮನಿಮನಿಗ್ ಹೋಯಿ, 'ಹೊರುದ್ ನನ್ ಗಂಡ, ಎತ್ತಿನ್ ಗಾಡಿ ಅಲ್ಲ' ಅಂದ್ಹೇಳಿ ಎಲ್ಲರದ್ದೂ ಅರ್ಧರ್ಧ ವಾಪಾಸ್ ಕೊಡ್ತಿದ್ರ್. ಅದಕ್ಕೇ ಈ ಊರವ್ರ್ ಎಲ್ಲಾ ಮೊದ್ಲೇ ಎರಡ್ ಪಟ್ಟ್ ಕಟ್ಟುದ್. ನಿಮ್ಗ್ ಗೊತ್ತಿಲ್ಯಾ?"

ನನಗೆ ಗೊತ್ತಿರಲಿಲ್ಲ. ಇಡೀ ಊರಿನ ಭಾರ ಹೊತ್ತವನೆಂದು ಮೊನ್ನೆಯಷ್ಟೇ ಬಸ್ಸಿನಲ್ಲಿ ಸಾರಿದ್ದೆ. ಹೊತ್ತದ್ದು ಅರ್ಧ ಊರನ್ನು ಮಾತ್ರವೆಂದು ಈಗ ತಿಳಿಯಿತು.

"ನಂಗೆ ಭಾರ ಆಪ್ದ್ ಬ್ಯಾಡ ಅಂತ ಮಾಡಿದ್ಲಾ?"

"ಭಾರ ಎಂತ ಮಣ್ಣ್! ಗೋಪಿ ಡಬ್ಬಿಗೆ ಜಾಗ ಬೇಕಿತ್ತಲೆ!"

ನಾನು ಅವಳ ಬುಟ್ಟಿಯನ್ನೇ ಹಿಡಿದುಕೊಂಡೆ. "ಗೋಪಿ ನಿಂಗೆ ಗೊತ್ತಿತ್ತಾ ಸುಗುಣ? ಚೆಂಬೂರಿನ ಗೋಪಿ? ಅಂವ ಎಲ್ಲಿಪ್ಪವ? ಒಂದ್ ಸಲ ಸಿಕ್ಕಿರೆ ಕಾಲ್ ಹಿಡಿತಿದ್ದೆ. ಮೂವತ್ತೊಂದ್ ವರ್ಷದ್ ಅವ್ನ ಎಳ್ಳುಂಡಿ ನನ್ ಹೊಟ್ಟಿಯಗೆ ಇತ್ತ್!"

ಸುಗುಣ ನಕ್ಕ ನಗುವಿಗೆ ಬೆಕ್ಕುಗಳು ಎದ್ದು ಓಡಿದವು. ನಕ್ಕು ನಕ್ಕು, ನನ್ನ ಮುಖ ನೋಡಿ, ಥಟ್ಟನೆ ನಿಂತಳು. ಬುಟ್ಟಿಯನ್ನು ನೆಲಕ್ಕಿಟ್ಟಳು.

"ಕುಸುಮಕ್ಕ ನಿಮ್ಗೆ ಕಡೆವರಿಗೂ ಹೇಳ್ಲೇ ಇಲ್ಯಾ? ಗೋಪಿ ಅಂಬವ ಯಾರೂ ಇಲ್ಲೆ ರಾಜೀವಣ್ಣ. ಮನಿದ್ ಎಂತ ಕೊಟ್ರೂ ನೀವ್ ಬ್ಯಾಡ ಅಂಬ್ರಿ, ಹೋಟ್ಲಗೆ ಎಲ್ಲಾ ಇತ್ತ್ ಅಂಬ್ರಿ. ಬೇರೆಯವ್ರ ಪಾರ್ಸೆಲ್ ಆರೆ ತಲಿ ಮೇಲ್ ಹೊತ್ಕಂಡ್ ಹೋತ್ರಿ. ಅದಕ್ಕೇ ಕುಸುಮಕ್ಕ ನಿಮ್ ಎಳ್ಳುಂಡಿಗೆ ಬೇರೆಯವ್ನ ಹೆಸ್ರ್ ಇಟ್ರ್. ಎಳ್ಳ್ ಹುರಿವತಿಗೆ ನಾನ್ ಇದೇ ಮೆಟ್ಲಗೆ ಕೂಕಂಡಿಪ್ಪುದ್."

ನಾನು ಆ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಮೂವತ್ತೊಂದು ವರ್ಷ, ವರ್ಷಕ್ಕೆ ಹನ್ನೊಂದರಂತೆ ಮುನ್ನೂರ ನಲವತ್ತೊಂದು ಪ್ರದಕ್ಷಿಣೆ. ಅಷ್ಟನ್ನೂ ನನ್ನ ಹಿಂದೆ ನಡೆದು ಬಂದವಳು ಸೆರಗಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡದ್ದು ಭಕ್ತಿಗಲ್ಲ.

ಬಹಳ ಹೊತ್ತಿನ ಮೇಲೆ ನನಗೊಂದು ಸಂದೇಹ ಬಂತು. "ಸುಗುಣ, ಹಂಗಾರೆ ಉಲ್ಲಾಸಿಗೆ ಕೊಟ್ಟ ಚಟ್ಲಿ?"

ಸುಗುಣ ಬುಟ್ಟಿಯನ್ನು ತಲೆಗೇರಿಸಿದಳು. "ಉಲ್ಲಾಸ್ ಹಡ್ಗ್ ಬಿಟ್ಟ್ ಎರಡ್ ವರ್ಷ ಆಯ್ತ್. ಬೈಂದೂರಗೆ ರಿಕ್ಷಾ ಬಿಡ್ತ" ಎಂದು ತಿರುಗಿ ನೋಡದೆ ಹೋದಳು.

ಆ ದಿನ ನಾನು ಮತ್ತೆ ಮನೆಮನೆ ಸುತ್ತಿ ಅರ್ಧರ್ಧ ಹಿಂತಿರುಗಿಸಿದೆ. ಎಲ್ಲರೂ ಬ್ಯಾಂಕಿನವರಂತೆ ನಿರಾಳವಾಗಿ ತೆಗೆದುಕೊಂಡರು. "ಒಂದ್ ದಿನ ತಡ ಆಯ್ತ್" ಎಂದು ಮಾಷ್ಟ್ರು ತಪ್ಪು ಹಿಡಿದರು. ಉಳಿದರ್ಧವನ್ನು ದಿವ್ಯಾ ಒಲೆಗೇರಿಸಿ, ಕೊಟ್ಟವರನ್ನೆಲ್ಲ ಪ್ರಣೀತಾಳನ್ನು ಬೀಳ್ಕೊಡುವ ಊಟಕ್ಕೆ ಕರೆದಳು. ಮಿಥುನ್ ಫೋನು ಮಾಡಿ, ದುಬಾಯಿಯ ವಿಮಾನ ನಿಲ್ದಾಣದೊಳಗೆ ತನ್ನನ್ನೇ ಬಿಡುವುದಿಲ್ಲವೆಂದು ತಾಯಿಗೆ ತಿಳಿಸಿದ್ದ. "ಅಂಥಾ ಊರಗೆ ಅಂವ ಹೇಂಗಿಪ್ಪುದೋ" ಎಂದು ಮರುಗುತ್ತ ಪದ್ದಕ್ಕ ಅವನ ಪಾಲಿನ ಹಪ್ಪಳವನ್ನು ತಾನೇ ತಿಂದಳು.

ಎಲ್ಲರೂ ಹೋದ ಮೇಲೆ ನಾನು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಎಳ್ಳು ಹುರಿದೆ. ಬೆಲ್ಲದ ಪಾಕ ಎಲ್ಲಿಯವರೆಗೆ ಕಾಯಬೇಕೆಂದು ಕೇಳಲು ಜನವಿರಲಿಲ್ಲ. ಆದ್ದರಿಂದ ಕಾಯುವಷ್ಟೂ ಕಾಯಿಸಿದೆ. ಉಂಡೆ ಕಟ್ಟುವಾಗ ಅಂಗೈ ಸುಟ್ಟಿತು. ಒಂದು ಉಂಡೆ ಕೈಜಾರಿ ನೆಲಕ್ಕೆ ಬಿತ್ತು. ಉಂಡೆಗೆ ಏನೂ ಆಗಲಿಲ್ಲ, ನೆಲದ ಸಿಮೆಂಟು ಸ್ವಲ್ಪ ಎದ್ದಿತು. ಡಬ್ಬಿಗೆ ತುಂಬಿ, ಹನ್ನೆರಡು ಮೊಳ ಹಗ್ಗದಲ್ಲಿ ಮೂರು ಮೊಳ ಕತ್ತರಿಸಿ ಅಡ್ಡಕ್ಕೂ ಉದ್ದಕ್ಕೂ ಬಿಗಿದೆ. ಉಳಿದ ಹಗ್ಗ ಬಾವಿಗಾಯಿತು.

ಶುಕ್ರವಾರ ಬೆಳಿಗ್ಗೆ ಪ್ರಣೀತಾ ಪೆಟ್ಟಿಗೆಯನ್ನು ಕೊನೆಯ ಸಲ ತೂಗುತ್ತಿದ್ದಳು. ನಾನು ಡಬ್ಬಿಯನ್ನು ಅವಳ ಮುಂದಿಟ್ಟೆ.

"ಅಜ್ಜಾ!"

"ಇದ್ ನಿಂದಲ್ಲ. ಡಬ್ಲಿನ್ನಗೆ ಗೋಪಿ ಅಂತ ಒಬ್ಬ ಇದ್ದ. ಅವನದ್ದ್."

"ಯಾರ್ ಗೋಪಿ?"

"ಅಜ್ಜಿಯ ದೊಡ್ಡಮ್ಮನ ಕಡಿಯವ. ನಿಂಗ್ ಗೊತ್ತಾಪ್ದಿಲ್ಲ."

"ಫೋನ್ ನಂಬ್ರ ಕೊಡಿ."

ಇದನ್ನು ನಾನು ಯೋಚಿಸಿರಲಿಲ್ಲ. ಕುಸುಮಾವತಿಯ ಕಾಲದಲ್ಲಿ ಸುಳ್ಳಿಗೆ ಫೋನ್ ನಂಬರು ಬೇಕಿರಲಿಲ್ಲ. "ಅಂವ ಫೋನ್ ಇಟ್ಕಂಬವ ಅಲ್ಲ. ಅವ್ನೇ ಹುಡ್ಕಂಡ್ ಬತ್ತ. ಎಂಟ್ ದಿನ ಕಾಣ್. ಬಾರದಿದ್ರೆ ಹಾಳ್ ಮಾಡ್ಬೇಡ" ಎಂದೆ. ಎಪ್ಪತ್ತೆಂಟು ವರ್ಷದ ಮುದುಕನಿಗೆ ಮೈಯೆಲ್ಲ ಬೆವರು.

ಅವಳು ನನ್ನ ಸುಟ್ಟ ಅಂಗೈಯನ್ನು ನೋಡಿದಳು. ಡಬ್ಬಿಯ ಹಗ್ಗವನ್ನು ನೋಡಿದಳು. ಏನೂ ಕೇಳದೆ ಬಗ್ಗಿ, ಪೆಟ್ಟಿಗೆಯಿಂದ ತನ್ನ ದಪ್ಪದ ಟವೆಲನ್ನು ತೆಗೆದು ಹೊರಗಿಟ್ಟಳು.

"ಬೇರೆಯವ್ರದ್ದ್ ಅಂದ್ರೆ ಇಲ್ಲೆ ಅಂಬುಕಾಗ ಅಲ್ದಾ ಅಜ್ಜ?" ಎಂದು ಡಬ್ಬಿಯನ್ನು ಆ ಜಾಗದಲ್ಲಿ ಕೂರಿಸಿದಳು. ಪೆಟ್ಟಿಗೆಯ ಮುಚ್ಚಳವನ್ನು ನಾನೇ ಹಾಕಿದೆ.

ಹನ್ನೊಂದು ದಿನಗಳ ಮೇಲೆ ಅವಳ ಫೋನು ಬಂತು. ಮನೆ ಹೇಗಿದೆ, ಚಳಿ ಎಷ್ಟಿದೆ ಎಂಬುದೆಲ್ಲ ಆದ ಮೇಲೆ ನಾನು, ಸಾಧ್ಯವಾದಷ್ಟು ಅಲಕ್ಷ್ಯದಿಂದ, "ಗೋಪಿ ಬಂದಿದ್ನಾ?" ಎಂದು ಕೇಳಿದೆ.

"ಬರ್ಲಿಲ್ಲ ಅಜ್ಜ."

"ಎಂಟ್ ದಿನ ಕಂಡ್ಯಾ?"

ಅತ್ತ ಕಡೆಯಿಂದ ಏನೋ ಕಟುಂ ಎಂದು ಮುರಿದ ಶಬ್ದ ಕೇಳಿಸಿತು. "ಮೂರ್ನೇ ದಿನಕ್ಕೇ ತಿಂದೆ" ಎಂದಳು, ಬಾಯಿ ತುಂಬಿದ ಧ್ವನಿಯಲ್ಲಿ. "ಅಜ್ಜ, ಗೋಪಿಗೆ ಹಲ್ಲ್ ಭಾರೀ ಗಟ್ಟಿ ಇರ್ಕ್. ಮುಂದಿನ ಸಲ ಪಾಕ ಒಂಚೂರ್ ಮೊದ್ಲೇ ಇಳ್ಸಿ. ಮತ್ತೆ ಅವ್ನಿಗೆ ಒಂದ್ ಡಬ್ಬಿ ಸಾಕಾತಿಲ್ಲೆ."

ಮರುದಿನ ಬೆಳಗಿನ ಬಸ್ಸು ಹಿಡಿದು ಕೊಲ್ಲೂರಿಗೆ ಹೋದೆ. ತಿಂದ ಪಾಪ ನನ್ನ ಮೇಲಿಲ್ಲವೆಂದು ಈಗ ಗೊತ್ತಿತ್ತು. ಆದರೆ ಮೊಮ್ಮಗಳಿಗೆ ಸುಳ್ಳು ಹೇಳಿದ್ದಿತ್ತಲ್ಲ, ಅದಕ್ಕೆ ಹನ್ನೊಂದು ಪ್ರದಕ್ಷಿಣೆ ಎಂದು ಸಂಕಲ್ಪ ಮಾಡಿದೆ. ಆರು ಸುತ್ತಿನವರೆಗೆ ಎಲ್ಲ ಕ್ರಮವಾಗಿಯೇ ನಡೆಯಿತು. ಏಳನೆಯ ಸುತ್ತಿನಲ್ಲಿ ಚೆಂಬೂರಿನ ಪೊಲೀಸಿನವನ ನೆನಪಾಯಿತು. ಎಂಟನೆಯದರಲ್ಲಿ ಆ ಪಾಲಕ್ಕಾಡಿನ ಗೋಪಿ ಎರಡೂ ಕೈ ಚಾಚಿ ಎದುರಿಗೇ ನಿಂತ. ಹಿಂದೆ ಬರುತ್ತಿದ್ದ ಭಕ್ತರು ಏನೆಂದುಕೊಂಡಾರೋ ಎಂದು ಹೆಗಲ ಮೇಲಿನ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು, ಉಳಿದ ಸುತ್ತುಗಳನ್ನೂ ಹಾಗೆಯೇ ನಡೆದೆ.